ದಿನದ ಲೆಕ್ಕವನ್ನು ದೇವರ ಮುಂದಿಟ್ಟ ಸಂತ ಇಗ್ನೇಷಿಯಸ್ ಲೊಯೋಲಾ

ದಿನದ ವಹಿವಾಟು ಮುಗಿದ ಮೇಲೆ ಗಲ್ಲಾಪೆಟ್ಟಿಗೆ ಎಣಿಸದೆ ಅಂಗಡಿಯ ಬಾಗಿಲು ಎಳೆಯುವ ವ್ಯಾಪಾರಿ ಇಲ್ಲ. ನಗದು ತಾಳೆಯಾಗದೆ ಬ್ಯಾಂಕಿನ ಕೌಂಟರ್ ಮುಚ್ಚುವಂತಿಲ್ಲ. ಹೋಟೆಲಿನ ಮ್ಯಾನೇಜರ್ ಎಷ್ಟೇ ದಣಿದಿದ್ದರೂ ರಾತ್ರಿಯ ಲೆಕ್ಕ ಬರೆದೇ ಮಲಗುತ್ತಾನೆ. ಹಣದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ಮನುಷ್ಯ ತಾನು ಕಳೆದ ದಿನದ ಲೆಕ್ಕವನ್ನು ಮಾತ್ರ ನೋಡುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಆಡಿದ ಮಾತು, ಪಡೆದ ಉಪಕಾರ, ಇನ್ನೊಬ್ಬರಿಗೆ ಕೊಟ್ಟ ನೋವು ಎಲ್ಲವೂ ನಿದ್ದೆಯೊಂದಿಗೆ ಅಳಿಸಿಹೋಗುತ್ತದೆ. ಈ ಲೆಕ್ಕವನ್ನು ದಿನವೂ ದೇವರ ಸನ್ನಿಧಿಯಲ್ಲಿ ಕುಳಿತು ನೋಡಬೇಕೆಂದು ಕಲಿಸಿ, ಅದಕ್ಕೊಂದು ಸರಳ ಕ್ರಮವನ್ನು ಹಾಕಿಕೊಟ್ಟ ಮಹಾನುಭಾವರು ಸಂತ ಇಗ್ನೇಷಿಯಸ್ ಲೊಯೋಲಾ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, ಮುಂಬಯಿಯ ಸಂತ ಕ್ಸೇವಿಯರ್ ಕಾಲೇಜುಗಳನ್ನು ಕಟ್ಟಿದ ಯೇಸುಸಭೆಯ, ಅರ್ಥಾತ್ ಜೆಸ್ವಿಟ್ ಪಾದ್ರಿಗಳ, ಮೂಲಪುರುಷರು ಇವರೇ. ಪ್ರತಿ ವರ್ಷ ಜುಲೈ 31ರಂದು ಇವರ ಹಬ್ಬವನ್ನು ಆಚರಿಸಲಾಗುತ್ತದೆ.

ಅರಮನೆಯ ಹುಡುಗ

ಸ್ಪೇನ್ ದೇಶದ ಉತ್ತರ ಭಾಗದ ಬಾಸ್ಕ್ ಸೀಮೆಯಲ್ಲಿ ಅಜ್ಪೈಟಿಯಾ ಎಂಬ ಊರಿದೆ. ಅದರ ಸಮೀಪದ ಲೊಯೋಲಾ ಎಂಬ ಕೋಟೆಮನೆಯಲ್ಲಿ 1491ರಲ್ಲಿ ಇವರ ಜನನವಾಯಿತು. ತಂದೆತಾಯಿ ಇಟ್ಟ ಹೆಸರು ಇನ್ಯಿಗೋ. ಇಗ್ನೇಷಿಯಸ್ ಎಂಬುದು ಮುಂದೆ ಅವರೇ ಇಟ್ಟುಕೊಂಡ ಹೆಸರು. ತುಂಬಿದ ಮನೆಯ ಕೊನೆಯ ಮಗು. ತಾಯಿ ಬೇಗನೆ ತೀರಿಕೊಂಡದ್ದರಿಂದ ಊರಿನ ಕಮ್ಮಾರನ ಹೆಂಡತಿಯ ಎದೆಹಾಲು ಕುಡಿದು ಬೆಳೆದರು.

ಹದಿಹರೆಯದಲ್ಲಿ ಅವರನ್ನು ಅರೆವಾಲೊ ಎಂಬ ಪಟ್ಟಣಕ್ಕೆ, ಕಾಸ್ಟೀಲ್ ರಾಜ್ಯದ ಮುಖ್ಯ ಖಜಾನಾಧಿಕಾರಿಯಾಗಿದ್ದ ಹ್ವಾನ್ ವೆಲಾಸ್ಕೆಸ್ ಎಂಬವರ ಮನೆಗೆ ಕಳುಹಿಸಲಾಯಿತು. ಅಲ್ಲಿ ಅವರು ಕಲಿತದ್ದು ದರಬಾರಿನ ನಡವಳಿಕೆ, ಅಂದವಾದ ಅಕ್ಷರ, ಕತ್ತಿವರಸೆ ಮತ್ತು ಜೂಜು. ವೀರರ ಸಾಹಸ ಕಥೆಗಳೆಂದರೆ ಪ್ರಾಣ. ಒಳ್ಳೆಯ ಉಡುಪು, ಒಳ್ಳೆಯ ಬೂಟು, ಹೆಂಗಸರ ಮೆಚ್ಚುಗೆ, ಯುದ್ಧದಲ್ಲಿ ಕೀರ್ತಿ ಇವಿಷ್ಟೇ ಅಂದಿನ ಬದುಕಿನ ಗುರಿ. 1515ರಲ್ಲಿ ಊರಿನ ಕಾರ್ನಿವಲ್ ಸಮಯದ ಒಂದು ರಾತ್ರಿಗಲಾಟೆಯಲ್ಲಿ ಅಣ್ಣನ ಜೊತೆ ಸೇರಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಯಿತು. 1517ರಲ್ಲಿ ಆಶ್ರಯದಾತರು ರಾಜನ ಅವಕೃಪೆಗೆ ಗುರಿಯಾಗಿ ತೀರಿಕೊಂಡಾಗ, ಇನ್ಯಿಗೋ ನವಾರ ಪ್ರಾಂತ್ಯದ ವೈಸ್‌ರಾಯ್ ಆಗಿದ್ದ ನಾಹೆರಾದ ಡ್ಯೂಕ್ ಅವರ ಸೇವೆಗೆ ಸೇರಿದರು.

ಒಂದು ಫಿರಂಗಿ ಗುಂಡು

1521ರಲ್ಲಿ ಫ್ರೆಂಚ್ ಸೇನೆ ಪಾಂಪ್ಲೋನಾ ಪಟ್ಟಣಕ್ಕೆ ಮುತ್ತಿಗೆ ಹಾಕಿತು. ಕೋಟೆಯೊಳಗಿದ್ದವರು ಬೆರಳೆಣಿಕೆಯ ಮಂದಿ. ಶರಣಾಗುವುದೇ ಲೇಸೆಂದು ಉಳಿದವರು ಹೇಳಿದರೂ, ಇನ್ಯಿಗೋ ಒಬ್ಬರೇ ಹಠ ಹಿಡಿದು ಹೋರಾಟಕ್ಕೆ ಒಪ್ಪಿಸಿದರು. ಮೇ 20ರಂದು ಫಿರಂಗಿ ಗುಂಡೊಂದು ಅವರ ಕಾಲುಗಳ ನಡುವೆ ಹಾದು ಬಲಗಾಲಿನ ಮೂಳೆಯನ್ನು ಪುಡಿ ಮಾಡಿತು, ಎಡಗಾಲಿಗೂ ಗಾಯವಾಯಿತು. ಅವರು ಬಿದ್ದೊಡನೆ ಕೋಟೆಯೂ ಬಿತ್ತು. ಶತ್ರುಗಳಾದ ಫ್ರೆಂಚರೇ ಉಪಚಾರ ಮಾಡಿ, ಡೋಲಿಯಲ್ಲಿ ಹೊರಿಸಿ ಊರಿಗೆ ಕಳುಹಿಸಿಕೊಟ್ಟರು.

ಮನೆಯಲ್ಲಿ ವೈದ್ಯರು ತಪ್ಪಾಗಿ ಕೂಡಿದ್ದ ಮೂಳೆಯನ್ನು ಮತ್ತೆ ಮುರಿದು ಕೂರಿಸಿದರು. ಅರಿವಳಿಕೆ ಎಂಬುದೇ ಇಲ್ಲದ ಕಾಲ. ಸಾವಿನ ಅಂಚಿಗೆ ಹೋಗಿ ಬದುಕಿದರು. ಗಾಯ ಮಾಗಿದಾಗ ಮೊಣಕಾಲಿನ ಕೆಳಗೆ ಮೂಳೆಯೊಂದು ಉಬ್ಬಿ ನಿಂತಿತ್ತು, ಕಾಲು ಗಿಡ್ಡವಾಗಿತ್ತು. ಬಿಗಿಯಾದ ಬೂಟು ತೊಡಲಾಗದಲ್ಲ ಎಂಬ ಒಂದೇ ಕಾರಣಕ್ಕೆ ಆ ಮೂಳೆಯನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಕಾಲು ಉದ್ದವಾಗಲೆಂದು ಭಾರ ಕಟ್ಟಿಸಿಕೊಂಡು ಮಲಗಿದರು. ಆದರೂ ಜೀವನಪೂರ್ತಿ ಕುಂಟುತ್ತಲೇ ನಡೆಯಬೇಕಾಯಿತು.

ತಿಂಗಳುಗಟ್ಟಲೆ ಹಾಸಿಗೆ ಹಿಡಿದವರು ಹೊತ್ತು ಕಳೆಯಲು ಸಾಹಸ ಕಥೆಗಳ ಪುಸ್ತಕ ಕೇಳಿದರು. ಆ ಮನೆಯಲ್ಲಿ ಅಂಥ ಒಂದು ಪುಸ್ತಕವೂ ಇರಲಿಲ್ಲ. ಸಿಕ್ಕಿದ್ದು ಯೇಸುಕ್ರಿಸ್ತರ ಒಂದು ಚರಿತ್ರೆ ಮತ್ತು ಸಂತರ ಜೀವನ ಕಥೆಗಳ ಒಂದು ಸಂಪುಟ. ಬೇರೆ ಗತಿಯಿಲ್ಲದೆ ಅದನ್ನೇ ಓದಿದರು. ಓದು ನಿಲ್ಲಿಸಿದಾಗ ಮನಸ್ಸು ಎರಡು ಕಡೆ ಓಡುತ್ತಿತ್ತು. ಒಮ್ಮೆ ಉನ್ನತ ಕುಲದ ಒಬ್ಬ ಮಹಿಳೆಯ ಮೆಚ್ಚುಗೆ ಗಳಿಸುವ ಕನಸು, ಇನ್ನೊಮ್ಮೆ ಸಂತ ಫ್ರಾನ್ಸಿಸ್, ಸಂತ ಡೊಮಿನಿಕ್ ಅವರಂತೆ ಬದುಕುವ ಕನಸು. ಎರಡೂ ಆ ಹೊತ್ತಿಗೆ ಸಿಹಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಬೇಸರವಾಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸ ಒಂದು ದಿನ ಅವರ ಗಮನಕ್ಕೆ ಬಂತು. ಮುಂದೆ ಅವರು ಜಗತ್ತಿಗೆ ಕಲಿಸಿದ ಆತ್ಮಪರೀಕ್ಷೆಯ ಬೀಜ ಇದೇ. ಒಂದು ಯೋಚನೆ ಬಂದಾಗ ಹೇಗಿತ್ತು ಎಂಬುದಕ್ಕಿಂತ ಅದು ಹೋದ ಮೇಲೆ ಮನಸ್ಸಿನಲ್ಲಿ ಏನು ಉಳಿಯಿತು ಎಂದು ನೋಡಬೇಕು.

ಅತಿಯಾದ ಲೆಕ್ಕದ ಅಪಾಯ

1522ರ ವಸಂತದಲ್ಲಿ ಮನೆ ಬಿಟ್ಟು ಮೊನ್ಸೆರಾತ್ ಬೆಟ್ಟದ ಮಠಕ್ಕೆ ಬಂದರು. ಬಾಳಿನ ಪಾಪಗಳನ್ನೆಲ್ಲ ಬರೆದುಕೊಂಡು ಮೂರು ದಿನ ಪಾಪನಿವೇದನೆ ಮಾಡಿದರು. ಬೆಲೆಬಾಳುವ ಉಡುಪನ್ನು ಒಬ್ಬ ಭಿಕ್ಷುಕನಿಗೆ ಕೊಟ್ಟು ಗೋಣಿಯಂಥ ಬಟ್ಟೆ ತೊಟ್ಟರು. ಮಾರ್ಚ್ 24ರ ಇಡೀ ರಾತ್ರಿ ಮರಿಯಮ್ಮನವರ ಪೀಠದ ಮುಂದೆ ಜಾಗರಣೆ ಮಾಡಿ ಕತ್ತಿ, ಬಾಕುಗಳನ್ನು ಅಲ್ಲಿಯೇ ಬಿಟ್ಟರು. ಆ ಉಡುಪನ್ನು ಕದ್ದದ್ದೆಂದು ಭಾವಿಸಿ ಅಧಿಕಾರಿಗಳು ಭಿಕ್ಷುಕನನ್ನು ಹಿಡಿದರೆಂಬ ಸುದ್ದಿ ತಿಳಿದಾಗ ಕಣ್ಣೀರಿಟ್ಟರು. ತಮ್ಮ ಪುಣ್ಯಕಾರ್ಯ ಇನ್ನೊಬ್ಬ ಬಡವನಿಗೆ ಸಂಕಟವಾಗಿತ್ತು.

ಅಲ್ಲಿಂದ ಸಮೀಪದ ಮಾನ್ರೇಸಾಕ್ಕೆ ಹೋದವರು ಕೆಲವು ದಿನ ಇರಲೆಂದು ಹೊರಟು ಹೆಚ್ಚುಕಡಿಮೆ 11 ತಿಂಗಳು ಉಳಿದರು. ಭಿಕ್ಷಾನ್ನ, ಉಪವಾಸ, ದಿನಕ್ಕೆ ಏಳು ಗಂಟೆಯ ಪ್ರಾರ್ಥನೆ. ಕೂದಲು, ಉಗುರುಗಳನ್ನೂ ಕತ್ತರಿಸಲಿಲ್ಲ. ಇಲ್ಲಿಯೇ ಅವರ ಬದುಕಿನ ಅತಿ ಕಠಿಣ ಪರೀಕ್ಷೆ ನಡೆಯಿತು. ಪಾಪನಿವೇದನೆಯಲ್ಲಿ ಯಾವುದೋ ಒಂದು ಪಾಪ ಬಿಟ್ಟುಹೋಗಿದೆ ಎಂಬ ಶಂಕೆ ಹುಟ್ಟಿತು. ಮತ್ತೆ ಹೇಳಿಕೊಂಡರು. ಇನ್ನೂ ಚಿಕ್ಕದೊಂದು ನೆನಪಾಯಿತು, ಮತ್ತೆ ಹೇಳಿಕೊಂಡರು. ಎಷ್ಟು ಬಾರಿ ಕೂಡಿದರೂ ತಾಳೆಯಾಗದ ಲೆಕ್ಕದಂತೆ ಅದು ಮುಗಿಯಲೇ ಇಲ್ಲ. ತಿಂಗಳುಗಟ್ಟಲೆ ಈ ಕಾಟ ಎಷ್ಟು ಬಲವಾಯಿತೆಂದರೆ, ಕೋಣೆಯಲ್ಲಿದ್ದ ಒಂದು ದೊಡ್ಡ ರಂಧ್ರದ ಮೂಲಕ ಹಾರಿ ಪ್ರಾಣ ಬಿಡಬೇಕೆಂಬ ಪ್ರಚೋದನೆ ಮೇಲಿಂದ ಮೇಲೆ ಬರುತ್ತಿತ್ತು. ಅದು ಪಾಪವೆಂಬ ಅರಿವೇ ಅವರನ್ನು ತಡೆದು ನಿಲ್ಲಿಸಿತು. ದೇವರು ಪರಿಹಾರ ತೋರುವ ತನಕ ಅನ್ನ ಮುಟ್ಟುವುದಿಲ್ಲವೆಂದು ಒಂದು ವಾರ ಉಪವಾಸ ಕುಳಿತರು. ಪಾಪನಿವೇದನೆ ಕೇಳುತ್ತಿದ್ದ ಗುರುಗಳು ಉಪವಾಸ ಬಿಡುವಂತೆ ಆಜ್ಞಾಪಿಸಿದಾಗ ತಲೆಬಾಗಿದರು.

ಎರಡು ದಿನದ ನೆಮ್ಮದಿಯ ಬಳಿಕ ಅದೇ ಶಂಕೆ ಮರಳಿತು. ಆಗ ಅವರು ಹಾಸಿಗೆಯಲ್ಲಿ ಕಲಿತ ಪಾಠವನ್ನು ನೆನೆದು, ಈ ಯೋಚನೆ ತನ್ನನ್ನು ಎಲ್ಲಿಗೆ ಒಯ್ಯುತ್ತಿದೆ ಎಂದು ನೋಡಿದರು. ಅದು ದೇವರ ಕಡೆಗಲ್ಲ, ಹತಾಶೆಯ ಕಡೆಗೆ ಒಯ್ಯುತ್ತಿತ್ತು. ಹಳೆಯ ಪಾಪಗಳ ಲೆಕ್ಕವನ್ನು ಮತ್ತೆ ತೆರೆಯುವುದಿಲ್ಲವೆಂದು ಅಂದೇ ನಿರ್ಧರಿಸಿದರು. ಶಂಕೆ ಬಿಟ್ಟುಹೋಯಿತು. ಕ್ರಮೇಣ ಕೂದಲು, ಉಗುರು ಕತ್ತರಿಸಿಕೊಂಡು ಮನುಷ್ಯರಂತಾದರು. ಕಾರ್ಡನೇರ್ ನದಿಯ ದಂಡೆಯಲ್ಲಿ ಒಂದು ದಿನ ಕುಳಿತಿದ್ದಾಗ ಉಂಟಾದ ಜ್ಞಾನೋದಯ, ಬದುಕಿನಲ್ಲಿ ಬೇರೆಲ್ಲ ಕಲಿತದ್ದನ್ನು ಕೂಡಿಸಿದರೂ ಅದಕ್ಕೆ ಸಮನಾಗದು ಎಂಬ ಭಾವ ಕೊನೆಯವರೆಗೂ ಅವರಲ್ಲಿತ್ತು. ಆ ದಿನಗಳಲ್ಲಿ ಬರೆದಿಟ್ಟ ಟಿಪ್ಪಣಿಗಳೇ ಬೆಳೆದು ಆಧ್ಯಾತ್ಮಿಕ ಸಾಧನೆಗಳು ಎಂಬ ಸಣ್ಣ ಗ್ರಂಥವಾಯಿತು. 1548ರಲ್ಲಿ ಪೋಪ್ ಮೂರನೆಯ ಪೌಲರು ಅದಕ್ಕೆ ಒಪ್ಪಿಗೆ ಕೊಟ್ಟರು.

ಐದು ಹೆಜ್ಜೆಗಳ ಪ್ರಾರ್ಥನೆ

ದಿನವನ್ನು ಹಿಂತಿರುಗಿ ನೋಡುವ ಅಭ್ಯಾಸ ಇಗ್ನೇಷಿಯಸ್‌ಗಿಂತ ಹಳೆಯದು. ರೋಮಿನ ತತ್ತ್ವಜ್ಞಾನಿ ಸೆನೆಕಾ ರಾತ್ರಿ ದೀಪ ಆರಿಸಿದ ಮೇಲೆ ತನ್ನ ದಿನವನ್ನು ವಿಚಾರಣೆಗೆ ಒಳಪಡಿಸುತ್ತಿದ್ದನು. ಕ್ರೈಸ್ತ ಮಠಗಳಲ್ಲಿಯೂ ಆತ್ಮಪರೀಕ್ಷೆ ರೂಢಿಯಲ್ಲಿತ್ತು. ಇಗ್ನೇಷಿಯಸ್ ಅದನ್ನು ಯಾರು ಬೇಕಾದರೂ ಕಾಲು ಗಂಟೆಯಲ್ಲಿ ಮಾಡಬಹುದಾದ ಐದು ಹೆಜ್ಜೆಗಳ ಪ್ರಾರ್ಥನೆಯಾಗಿ ಜೋಡಿಸಿದರು.

ಮೊದಲನೆಯದಾಗಿ, ಪಡೆದ ಉಪಕಾರಗಳಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸಬೇಕು. ಎರಡನೆಯದಾಗಿ, ತನ್ನ ತಪ್ಪನ್ನು ಕಾಣುವ ಬೆಳಕನ್ನು ಬೇಡಬೇಕು. ಮೂರನೆಯದಾಗಿ, ಎದ್ದ ಹೊತ್ತಿನಿಂದ ಈ ಹೊತ್ತಿನವರೆಗೆ ಗಂಟೆ ಗಂಟೆಯಾಗಿ ದಿನವನ್ನು ತಿರುವಿ ಹಾಕಬೇಕು, ಮೊದಲು ಯೋಚನೆ, ಬಳಿಕ ಮಾತು, ಬಳಿಕ ಕೃತಿ. ನಾಲ್ಕನೆಯದಾಗಿ, ತಪ್ಪಿದ್ದಲ್ಲಿ ಕ್ಷಮೆ ಕೇಳಬೇಕು. ಐದನೆಯದಾಗಿ, ನಾಳೆ ತಿದ್ದಿಕೊಳ್ಳುವ ಸಂಕಲ್ಪ ಮಾಡಿ ಪರಲೋಕ ಮಂತ್ರದೊಂದಿಗೆ ಮುಗಿಸಬೇಕು.

ಇಲ್ಲಿ ಕ್ರಮವೇ ಮುಖ್ಯ. ಖರ್ಚಿನ ಪುಟಕ್ಕಿಂತ ಮೊದಲು ಜಮೆಯ ಪುಟ. ಏನು ಪಡೆದೆನೆಂದು ಎಣಿಸಿದ ಮೇಲೆಯೇ ಏನು ಕಳೆದೆನೆಂದು ನೋಡಬೇಕು. ಕ್ಷಮೆ ಕೇಳಿದ ಮೇಲೆ ಆ ದಿನದ ಪುಟ ಮುಚ್ಚುತ್ತದೆ. ಹಳೆಯ ಬಾಕಿಯನ್ನು ಮತ್ತೆ ಮತ್ತೆ ಎಳೆದು ತರುವುದಕ್ಕೆ ಇದರಲ್ಲಿ ಎಡೆಯಿಲ್ಲ. ಮಾನ್ರೇಸಾದಲ್ಲಿ ಮುಗಿಯದ ಲೆಕ್ಕಕ್ಕೆ ಸಿಲುಕಿ ಪ್ರಾಣವನ್ನೇ ಕಳೆದುಕೊಳ್ಳಲಿದ್ದವರು ಹಾಕಿಕೊಟ್ಟ ಕ್ರಮ ಇದು ಎಂಬುದನ್ನು ಮರೆಯಬಾರದು.

ಇದರ ಜೊತೆಗೆ ಒಂದೇ ಒಂದು ದೋಷವನ್ನು ಗುರಿಯಾಗಿಟ್ಟುಕೊಳ್ಳುವ ವಿಶೇಷ ಪರೀಕ್ಷೆಯನ್ನೂ ಅವರು ಕಲಿಸಿದರು. ಉದಾಹರಣೆಗೆ ಸಿಟ್ಟು. ಬೆಳಿಗ್ಗೆ ಎದ್ದೊಡನೆ ಎಚ್ಚರದ ಸಂಕಲ್ಪ, ಮಧ್ಯಾಹ್ನ ಒಮ್ಮೆ ಪರಿಶೀಲನೆ, ರಾತ್ರಿ ಊಟದ ಬಳಿಕ ಇನ್ನೊಮ್ಮೆ. ಜಾರಿದಾಗಲೆಲ್ಲ ಯಾರಿಗೂ ಕಾಣದಂತೆ ಎದೆಯ ಮೇಲೆ ಕೈಯಿಡಬೇಕು. ಕಾಗದದಲ್ಲಿ ವಾರದ ಏಳು ದಿನಕ್ಕೂ ಎರಡೆರಡು ಗೆರೆ ಎಳೆದು, ಮಧ್ಯಾಹ್ನದವರೆಗಿನ ಜಾರುವಿಕೆಗಳನ್ನು ಮೊದಲ ಗೆರೆಯಲ್ಲಿ, ರಾತ್ರಿಯವರೆಗಿನದ್ದನ್ನು ಎರಡನೆಯ ಗೆರೆಯಲ್ಲಿ ಚುಕ್ಕೆಯಿಟ್ಟು ಗುರುತಿಸಬೇಕು. ಬಳಿಕ ಗೆರೆಗೆ ಗೆರೆ, ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸಿ ನೋಡಬೇಕು. ಗ್ರಂಥದಲ್ಲಿ ಕೊಟ್ಟಿರುವ ಚಿತ್ರದಲ್ಲಿ ಈ ಗೆರೆಗಳು ದಿನದಿಂದ ದಿನಕ್ಕೆ ಗಿಡ್ಡವಾಗುತ್ತ ಹೋಗುತ್ತವೆ. ಖಜಾನಾಧಿಕಾರಿಯ ಮನೆಯಲ್ಲಿ ಬೆಳೆದವರಿಗೆ ಒಪ್ಪುವ ದಿನವಹಿ ಇದು!

33ರ ವಯಸ್ಸಿನಲ್ಲಿ ಶಾಲೆಗೆ

1523ರಲ್ಲಿ ಜೆರುಸಲೇಮ್ ಯಾತ್ರೆ ಕೈಗೊಂಡರು. ಅಲ್ಲಿಯೇ ನೆಲೆಸುವ ಆಸೆಯಿತ್ತಾದರೂ ಅಲ್ಲಿನ ಫ್ರಾನ್ಸಿಸ್ಕನ್ ಗುರುಗಳು ಅನುಮತಿ ಕೊಡಲಿಲ್ಲ. ಜನರಿಗೆ ನೆರವಾಗಬೇಕಾದರೆ ವಿದ್ಯೆ ಬೇಕೆಂದು ಮನಗಂಡು 1524ರಲ್ಲಿ ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರ ಪಕ್ಕ ಕುಳಿತು ಲ್ಯಾಟಿನ್ ವ್ಯಾಕರಣ ಕಲಿಯಲಾರಂಭಿಸಿದರು. ಆಗ ಅವರಿಗೆ 33 ವರ್ಷ. ಹಗಲು ದುಡಿದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರಿಗೆ ಆ ಬೆಂಚಿನ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಠ ಬಾಯಿಪಾಠ ಮಾಡಲು ಕುಳಿತಾಗ ಭಕ್ತಿಯ ಸುಂದರ ಭಾವನೆಗಳು ಉಕ್ಕಿ ಬಂದು ಓದು ಕೆಡುತ್ತಿತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ಬಾರದ ಭಾವನೆ ಪಾಠದ ಹೊತ್ತಿಗೇ ಏಕೆ ಬರಬೇಕೆಂದು ಪರೀಕ್ಷಿಸಿ, ಇದು ಮೋಸವೆಂದು ಅರಿತರು. ಗುರುಗಳ ಬಳಿಗೆ ಹೋಗಿ, ಎರಡು ವರ್ಷ ಪಾಠವನ್ನು ತಪ್ಪದೆ ಕೇಳುವೆನೆಂದು ಮಾತು ಕೊಟ್ಟರು. ಕರ್ತವ್ಯದ ಹೊತ್ತಿನಲ್ಲಿ ಬರುವ ಭಕ್ತಿಯನ್ನೂ ಅನುಮಾನದಿಂದ ನೋಡಿದ ಸಂತ ಇವರು.

ಆಲ್ಕಲಾ, ಸಲಮಾಂಕಾ ಪಟ್ಟಣಗಳಲ್ಲಿ ಓದುತ್ತಲೇ ಜನರಿಗೆ ಪ್ರಾರ್ಥನೆ ಕಲಿಸುತ್ತಿದ್ದರು. ಪದವಿಯಿಲ್ಲದ ಈ ಮನುಷ್ಯ ಧರ್ಮೋಪದೇಶ ಮಾಡುವುದು ಮೇಲಿನವರಿಗೆ ಸಂಶಯ ತಂದಿತು. 1527ರಲ್ಲಿ ಆಲ್ಕಲಾದಲ್ಲಿ 42 ದಿನ, ಸಲಮಾಂಕಾದಲ್ಲಿ 22 ದಿನ ಸೆರೆಮನೆವಾಸ ಅನುಭವಿಸಿದರು. ಸಲಮಾಂಕಾದಲ್ಲಿ ಉಳಿದ ಕೈದಿಗಳೆಲ್ಲ ಓಡಿಹೋದಾಗಲೂ ಇವರು ಮತ್ತು ಸಂಗಡಿಗರು ತೆರೆದ ಬಾಗಿಲ ಹಿಂದೆ ಕುಳಿತೇ ಇದ್ದರು. ಎರಡೂ ಕಡೆ ಬೋಧನೆಯಲ್ಲಿ ದೋಷ ಕಂಡುಬರಲಿಲ್ಲ.

ಪ್ಯಾರಿಸ್‌ನ ಕೋಣೆ

1528ರಲ್ಲಿ ಪ್ಯಾರಿಸ್ ವಿಶ್ವವಿದ್ಯಾನಿಲಯಕ್ಕೆ ಬಂದರು. ನಂಬಿ ಕೊಟ್ಟಿದ್ದ ಹಣವನ್ನೆಲ್ಲ ಸಹಪಾಠಿಯೊಬ್ಬ ಖರ್ಚು ಮಾಡಿಬಿಟ್ಟದ್ದರಿಂದ ಭಿಕ್ಷೆ ಬೇಡಿ ಓದಬೇಕಾಯಿತು. ಅದೇ ಸಹಪಾಠಿ ರುವಾನ್ ಪಟ್ಟಣದಲ್ಲಿ ಕಾಯಿಲೆ ಬಿದ್ದಿದ್ದಾನೆಂದು ತಿಳಿದಾಗ ಬರಿಗಾಲಿನಲ್ಲಿ ಅಲ್ಲಿಗೆ ನಡೆದುಹೋಗಿ ಉಪಚರಿಸಿದರು, ಊರಿಗೆ ಮರಳಲು ಹಡಗಿನ ವ್ಯವಸ್ಥೆಯನ್ನೂ ಮಾಡಿದರು.

ಸೇಂಟ್ ಬಾರ್ಬ್ ಕಾಲೇಜಿನಲ್ಲಿ ಅವರ ಕೋಣೆಯ ಜೊತೆಗಾರರು ಇಬ್ಬರು. ಒಬ್ಬರು ಸವೋಯ್ ಪ್ರಾಂತ್ಯದ ಕುರಿಗಾಹಿಯಾಗಿದ್ದ ಪಿಯೇರ್ ಫಾವ್ರ್, ಇನ್ನೊಬ್ಬರು ನವಾರದ ಶ್ರೀಮಂತ ಮನೆತನದ ಫ್ರಾನ್ಸಿಸ್ ಕ್ಸೇವಿಯರ್. ಫಾವ್ರ್ ಇವರಿಗೆ ಪಾಠ ಹೇಳಿಕೊಡುತ್ತಿದ್ದರು. ಆದರೆ ಅವರ ಮನಸ್ಸನ್ನು ಮಾನ್ರೇಸಾದ ಅದೇ ಪಾಪಶಂಕೆ ಕೊರೆಯುತ್ತಿತ್ತು. ಇಗ್ನೇಷಿಯಸ್ ಅವರಿಗೆ ಕೂಡಲೇ ದೊಡ್ಡ ಸಾಧನೆಗಳನ್ನು ಕಲಿಸಲಿಲ್ಲ. ಒಮ್ಮೆ ಪೂರ್ಣ ಪಾಪನಿವೇದನೆ, ವಾರಕ್ಕೊಮ್ಮೆ ಪ್ರಸಾದ ಸ್ವೀಕಾರ, ದಿನವೂ ಆತ್ಮಪರೀಕ್ಷೆ ಇಷ್ಟನ್ನೇ ಹೇಳಿದರು. ವರ್ಷಗಳ ಬಳಿಕ ಫಾವ್ರ್ ನೆಮ್ಮದಿ ಕಂಡರು. 2013ರಲ್ಲಿ ಅವರನ್ನು ಸಂತರೆಂದು ಘೋಷಿಸಿದವರು ಯೇಸುಸಭೆಯಿಂದ ಬಂದ ಮೊದಲ ಪೋಪ್ ಆದ ಫ್ರಾನ್ಸಿಸ್.

1534ರ ಆಗಸ್ಟ್ 15ರಂದು ಪ್ಯಾರಿಸ್‌ನ ಮೊಂಮಾರ್ತ್ರ್ ದಿಬ್ಬದ ಚರ್ಚಿನಲ್ಲಿ ಏಳು ಮಂದಿ ಗೆಳೆಯರು ಬಡತನ ಹಾಗೂ ಬ್ರಹ್ಮಚರ್ಯದ ವ್ರತ ತೊಟ್ಟರು. 1537ರಲ್ಲಿ ವೆನಿಸ್‌ನಲ್ಲಿ ಇಗ್ನೇಷಿಯಸ್‌ಗೆ ಗುರುದೀಕ್ಷೆಯಾಯಿತು. 1540ರ ಸೆಪ್ಟೆಂಬರ್ 27ರಂದು ಪೋಪ್ ಮೂರನೆಯ ಪೌಲರು ಯೇಸುಸಭೆಗೆ ಮಾನ್ಯತೆ ನೀಡಿದರು. 1541ರಲ್ಲಿ ಸಂಗಡಿಗರು ಇಗ್ನೇಷಿಯಸ್ ಅವರನ್ನೇ ಮುಖ್ಯಸ್ಥರನ್ನಾಗಿ ಆರಿಸಿದರು.

ರೋಮಿನ ಮೇಜಿನ ಮುಂದೆ

ಜಗತ್ತನ್ನು ಸುತ್ತಬಯಸಿದ್ದವರು ಕೊನೆಯ 15 ವರ್ಷಗಳನ್ನು ರೋಮಿನಲ್ಲಿ ಮೇಜಿನ ಮುಂದೆ ಕುಳಿತು ಕಳೆದರು. ಸಭೆಯ ಸಂವಿಧಾನ ಬರೆದರು. ಅವರ ಹೆಸರಿನಲ್ಲಿ ಹೊರಟ ಸುಮಾರು 7,000 ಪತ್ರಗಳು ಇಂದಿಗೂ ಉಳಿದಿವೆ. ಬೀದಿಪಾಲಾದ ಹೆಂಗಸರಿಗಾಗಿ ರೋಮಿನಲ್ಲಿ ಸಂತ ಮಾರ್ತಾ ಆಶ್ರಯಧಾಮ ತೆರೆದರು. 1548ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ, 1551ರಲ್ಲಿ ರೋಮಿನಲ್ಲಿ ಕಾಲೇಜುಗಳು ಆರಂಭವಾದವು.

ಈ ಕಚೇರಿ ಕೆಲಸದ ನಡುವೆಯೂ ಅವರು ಬಿಡದೆ ಹಿಡಿದದ್ದು ಆತ್ಮಪರೀಕ್ಷೆಯನ್ನು. ಗಂಟೆ ಬಡಿದಾಗಲೆಲ್ಲ ಕಳೆದ ಗಂಟೆಯನ್ನು ಒಮ್ಮೆ ತಿರುಗಿ ನೋಡುತ್ತಿದ್ದರೆಂದು ಹತ್ತಿರದಲ್ಲಿದ್ದವರು ಬರೆದಿಟ್ಟಿದ್ದಾರೆ. ಓದುವ ಕಿರಿಯರು ಗಂಟೆಗಟ್ಟಲೆ ಪ್ರಾರ್ಥನೆ ಮಾಡಬೇಕೆಂದು ಅವರು ಒತ್ತಾಯಿಸಲಿಲ್ಲ, ಉದ್ದ ಪ್ರಾರ್ಥನೆಗಳಿಗೆ ಮಿತಿ ಹಾಕಿದರು. ಆದರೆ ದಿನಕ್ಕೆರಡು ಬಾರಿಯ ಆತ್ಮಪರೀಕ್ಷೆಯನ್ನು ಸಂವಿಧಾನದಲ್ಲಿಯೇ ಸೇರಿಸಿದರು. ಕೆಲಸವಿರುವ ಮನುಷ್ಯನಿಗೆ ಕೆಲಸದ ನಡುವೆಯೇ ದೇವರು ಸಿಗಬೇಕೆಂಬುದು ಅವರ ಮತ.

ಪ್ರಿಯ ಗೆಳೆಯ ಕ್ಸೇವಿಯರ್ 1540ರಲ್ಲಿ ಒಂದೇ ದಿನದ ಸೂಚನೆಯ ಮೇಲೆ ರೋಮ್ ಬಿಟ್ಟು, 1542ರ ಮೇ 6ರಂದು ಗೋವಾ ತಲಪಿದ್ದರು. ಇಬ್ಬರೂ ಮತ್ತೆ ಭೇಟಿಯಾಗಲೇ ಇಲ್ಲ. 1553ರ ಜೂನ್‌ನಲ್ಲಿ ಇಗ್ನೇಷಿಯಸ್ ಅವರನ್ನು ಮರಳಿ ಬರುವಂತೆ ಕರೆದು ಪತ್ರ ಬರೆದರು. ಕ್ಸೇವಿಯರ್ 1552ರ ಡಿಸೆಂಬರ್ 3ರಂದೇ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡಿದ್ದರು. ಸುದ್ದಿ ಇನ್ನೂ ರೋಮ್ ತಲಪಿರಲಿಲ್ಲ.

1556ರ ಜುಲೈ 30ರಂದು, ವರ್ಷಗಳಿಂದ ಹೊಟ್ಟೆನೋವಿನಿಂದ ನರಳುತ್ತಿದ್ದ ಇಗ್ನೇಷಿಯಸ್ ತಮ್ಮ ಕಾರ್ಯದರ್ಶಿ ಪೊಲಾಂಕೊ ಅವರನ್ನು ಕರೆದು, ಪೋಪರ ಆಶೀರ್ವಾದ ತರುವಂತೆ ಕೇಳಿಕೊಂಡರು. ಸ್ಪೇನ್‌ಗೆ ಹೋಗುವ ಟಪಾಲಿನ ಗಡಿಬಿಡಿಯಲ್ಲಿದ್ದ ಕಾರ್ಯದರ್ಶಿಗಳು ನಾಳೆ ಹೋದರೆ ಆಗದೇ ಎಂದು ವಿಚಾರಿಸಿದರು. ಅವರು ಒತ್ತಾಯಿಸಲಿಲ್ಲ. ಮರುದಿನ ಬೆಳಗಿನ ಜಾವ, ಕೊನೆಯ ಸಂಸ್ಕಾರಗಳೂ ಇಲ್ಲದೆ ಶಾಂತವಾಗಿ ಕಣ್ಣುಮುಚ್ಚಿದರು. ಆಗ ಸಭೆಯಲ್ಲಿ ಸುಮಾರು 1,000 ಮಂದಿ ಇದ್ದರು. 1622ರ ಮಾರ್ಚ್ 12ರಂದು ಇಗ್ನೇಷಿಯಸ್ ಮತ್ತು ಕ್ಸೇವಿಯರ್ ಇಬ್ಬರನ್ನೂ ಒಂದೇ ಸಮಾರಂಭದಲ್ಲಿ ಸಂತರೆಂದು ಘೋಷಿಸಲಾಯಿತು.

ಕನ್ನಡ ನಾಡಿನವರೆಗೆ

17ನೆಯ ಶತಮಾನದ ಮಧ್ಯದಲ್ಲಿ ಇಟಲಿಯ ಲಿಯೊನಾರ್ಡೊ ಚಿನ್ನಮಿ ಎಂಬ ಯೇಸುಸಭೆಯ ಗುರು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಮೈಸೂರು ಮಿಷನ್ ಆರಂಭಿಸಿದರು. 1773ರಲ್ಲಿ ಪೋಪರ ಆಜ್ಞೆಯಿಂದ ಸಭೆಯೇ ರದ್ದಾಯಿತು, 1814ರಲ್ಲಿ ಮತ್ತೆ ಜೀವ ಪಡೆಯಿತು. 1878ರ ಕೊನೆಯಲ್ಲಿ ಇಟಲಿಯ ಯೇಸುಸಭೆಯವರು ಮಂಗಳೂರಿಗೆ ಬಂದರು. 1880ರಲ್ಲಿ ಆರಂಭವಾದ ಅವರ ಕಾಲೇಜಿಗೆ, ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡಿ 1591ರಲ್ಲಿ 23ರ ಹರೆಯದಲ್ಲೇ ತೀರಿಕೊಂಡ ಅಲೋಶಿಯಸ್ ಗೊನ್ಸಾಗಾ ಅವರ ಹೆಸರಿಟ್ಟರು. ಅಲ್ಲಿ ಓದಿ ಮುಂಬಯಿ ಸೇರಿದ ತುಳುವರು, ಕನ್ನಡಿಗರು, ಕೊಂಕಣಿಗರು ಅನೇಕರು.

ಕಾಲ ಕಳೆದಂತೆ ಈ ಪ್ರಾರ್ಥನೆ ಬರೀ ಪಾಪಗಳ ಪಟ್ಟಿಯಾಗಿ ಒಣಗಿದ್ದೂ ಉಂಟು. 1972ರಲ್ಲಿ ಅಮೆರಿಕದ ಯೇಸುಸಭೆಯ ಗುರು ಜಾರ್ಜ್ ಆಶೆನ್‌ಬ್ರೆನರ್ ಬರೆದ ಲೇಖನವೊಂದು ಅದರ ಮೂಲ ಆಶಯವನ್ನು ನೆನಪಿಸಿತು. ತಪ್ಪು ಎಣಿಸುವುದಷ್ಟೇ ಮುಖ್ಯವಲ್ಲ, ದಿನದಲ್ಲಿ ದೇವರು ಎಲ್ಲಿ ಕರೆದರು, ತಾನು ಎಲ್ಲಿ ಓಗೊಟ್ಟೆ, ಎಲ್ಲಿ ಮುಖ ತಿರುಗಿಸಿದೆ ಎಂದು ಗಮನಿಸುವುದು ಮುಖ್ಯ. ಇಂದು ಅನೇಕ ದೇಶಗಳಲ್ಲಿ ಗುರುಗಳಷ್ಟೇ ಅಲ್ಲ, ಗೃಹಿಣಿಯರು, ವಿದ್ಯಾರ್ಥಿಗಳು, ಕಚೇರಿ ನೌಕರರೂ ಇದನ್ನು ಮಾಡುತ್ತಾರೆ.

ಇದಕ್ಕೆ ಪೀಠ ಬೇಡ, ಪುಸ್ತಕ ಬೇಡ, ಖರ್ಚಂತೂ ಇಲ್ಲವೇ ಇಲ್ಲ. ಬೇಕಾದದ್ದು ಕಾಲು ಗಂಟೆಯ ಮೌನ ಮತ್ತು ತನಗೆ ತಾನು ಸುಳ್ಳು ಹೇಳದ ಮನಸ್ಸು. ಸಂತ ಇಗ್ನೇಷಿಯಸ್ ಕ್ರೈಸ್ತರು, ಅವರ ಪ್ರಾರ್ಥನೆ ಕ್ರಿಸ್ತರ ಮುಂದಿನದು. ಆದರೂ ಇಂದು ಏನು ಪಡೆದೆ, ಯಾರನ್ನು ನೋಯಿಸಿದೆ, ನಾಳೆ ಏನನ್ನು ತಿದ್ದಿಕೊಳ್ಳಲಿ ಎಂಬ ಮೂರು ಪ್ರಶ್ನೆಗಳು ಯಾವ ಮನೆಗೂ ಹೊರಗಿನವಲ್ಲ. ಜಮೆಯ ಪುಟದಿಂದ ಆರಂಭಿಸಿ, ತಪ್ಪಿದ್ದಲ್ಲಿ ತಿದ್ದಿ, ಅಂದಿನ ಪುಟವನ್ನು ಅಂದೇ ಮುಚ್ಚಿ ನೆಮ್ಮದಿಯಿಂದ ನಿದ್ರಿಸಬೇಕೆಂಬುದೇ ಈ ಮಹಾನುಭಾವರ ಬದುಕು ಬಿಟ್ಟುಹೋದ ಪಾಠ.